ಇಶಾಪುರ 2ಎ1 ಮಾರ್ಪಡಿಸಿದ .303 ಅಲ್ಲ

ಅಮೆರಿಕದಲ್ಲಿ ಹಳೇ ಮಿಲಿಟರಿ ರೈಫಲ್ ಸಂಗ್ರಹಿಸಿ ಗುರಿ ಹೊಡೆಯುವವರ ನಡುವೆ ಒಂದು ಮಾತು ಓಡಾಡುತ್ತಿದೆ: ಇಶಾಪುರ 2ಎ1 ರೈಫಲ್ ಅಂದ್ರೆ ಹಳೇ .303 ಲೀ-ಎನ್‌ಫೀಲ್ಡ್‌ಗೆ (.303 ಅಂಗುಲದ ಗುಂಡು ಹೊಡೆಯುವ ಬ್ರಿಟಿಷ್ ಸೇನಾ ರೈಫಲ್) 7.62 ಮಿ.ಮೀ. ಗುಂಡಿನ ನಳಿಗೆ ಹಾಕಿದ್ದು, ಅಷ್ಟೇ. ಇದು ತಪ್ಪು. 1962ರ ಚೀನಾ ಯುದ್ಧದ ನಂತರ ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆ ಇದನ್ನು 7.62 ಗುಂಡಿಗೆಂದೇ ಹೊಸದಾಗಿ ತಯಾರಿಸಿತು. ವಿನ್ಯಾಸ ಹಳೆಯದೇ, ಉಕ್ಕು ಮಾತ್ರ ಜಾಸ್ತಿ ಗಟ್ಟಿ. ಕೈಗೆತ್ತಿಕೊಂಡರೆ ಗೊತ್ತಾಗುತ್ತದೆ: ಮ್ಯಾಗಝೀನ್ ಚೌಕಾಕಾರ, 12 ಗುಂಡು ಹಿಡಿಯುತ್ತದೆ. ಗುರಿ ನೋಡಲು ಇರುವ ಹಿಂಬದಿ ಪಟ್ಟಿಯ ದೂರದ ಅಂಕಿ 800 ಮೀಟರ್‌ಗೇ ನಿಲ್ಲುತ್ತದೆ.

ನನಗೆ ಭಯ ಬೇರೆಯದೇ. "ಕಾರ್ಖಾನೆಯವರೇ ಬದಲಿಸಿದ್ದಾರೆ, ನಾವೂ ಬದಲಿಸಬಹುದು ಅಲ್ವಾ" ಅಂತ ಯಾರಾದರೂ ಮೊದಲ ಮಹಾಯುದ್ಧದ .303ಗೆ 7.62 ನಳಿಗೆ ಹಾಕಿದರೆ? ಆ ಉಕ್ಕು ಈ ಗುಂಡಿನ ಒತ್ತಡಕ್ಕೆ ಮಾಡಿದ್ದಲ್ಲ. ದಯವಿಟ್ಟು ಹಾಗೆ ಮಾಡಬೇಡಿ. 2ಎ1 ಆದರೂ ಅಷ್ಟೇ, ಬಂದೂಕು ರಿಪೇರಿ ಬಲ್ಲವರಿಗೆ ತೋರಿಸಿದ ಮೇಲೇ ಹೊಡೆಯಿರಿ.