144 ಸಿನಿಮಾ ಸರ್ವಿಸು, ಇನ್ನೂ ಇನ್‌ಸ್ಪೆಕ್ಟರೇ

ಸರ್ಕಾರಿ ನೌಕರೀಲಿ ಒಬ್ಬನ್ನ ಹತ್ತು ವರ್ಷ ಒಂದೇ ಪೋಸ್ಟಲ್ಲಿ ಕೂರಿಸಿದ್ರೆ ಸಂಘದವರು ಧರಣಿ ಕೂರ್ತಾರೆ, ಕೋರ್ಟಿಗೆ ಹೋಗ್ತಾರೆ, ಏನಿಲ್ಲಾಂದ್ರೂ ಒಂದು ಇಂಕ್ರಿಮೆಂಟ್ ಆದ್ರೂ ಗಿಟ್ಟಿಸ್ಕೋತಾರೆ. ಹಿಂದಿ ಸಿನಿಮಾದಲ್ಲಿ ಹಂಗೇನಿಲ್ಲ. ಜಗದೀಶ್ ರಾಜ್ ಅನ್ನೋ ನಟ 144 ಸಿನಿಮಾದಲ್ಲಿ ಪೊಲೀಸ್ ಇನ್‌ಸ್ಪೆಕ್ಟರ್ ಆದ್ರು, ಇಷ್ಟು ಸಲ ಖಾಕಿ ತೊಡಿಸಿದೀವಲ್ಲ ಪಾಪ ಅಂತ ಬಡ್ತಿ ಕೊಡೋ ಬದ್ಲು ಗಿನ್ನೆಸ್ ಬುಕ್ಕಲ್ಲಿ ಹೆಸರು ಬರೆಸಿ ಚಪ್ಪಾಳೆ ತಟ್ಟಿ ಸುಮ್ನಾದ್ರು.

ಹೆಸರು ಗೊತ್ತಿಲ್ದೇ ಇರ್ಬೋದು, ಆದ್ರೆ ದೂರದರ್ಶನದಲ್ಲಿ ಭಾನುವಾರದ ಹಿಂದಿ ಪಿಕ್ಚರ್ ನೋಡಿ ಬೆಳೆದವರಿಗೆ ಮುಖ ಗೊತ್ತಿರತ್ತೆ. 1928ರಲ್ಲಿ ಸರ್ಗೋಧಾದಲ್ಲಿ, ಅಂದ್ರೆ ಈಗಿನ ಪಾಕಿಸ್ತಾನದಲ್ಲಿ ಹುಟ್ಟಿದವರು, 2013ರಲ್ಲಿ ಮುಂಬೈನಲ್ಲಿ ತೀರ್ಕೊಂಡ್ರು. ಮಗಳು ಅನಿತಾ ರಾಜ್ 80ರ ದಶಕದಲ್ಲಿ ಹೀರೋಯಿನ್ ಆಗಿ ಪೋಸ್ಟರ್ ಮೇಲೆ ಬಂದ್ರು, ಅಪ್ಪ ಮಾತ್ರ ಅದೇ ಜೀಪು, ಅದೇ ಟೋಪಿ, ಅದೇ ಲಾಠಿ.

ಡ್ಯೂಟಿ ಏನು ಅಂತೀರಾ? ಮುಖ್ಯವಾಗಿ ಎರಡು. ಒಂದು, ಇಂಟರ್ವಲ್ ಹತ್ರ ಬಂದು ಹೀರೋನ ಅರೆಸ್ಟ್ ಮಾಡೋದು, ಮಾಡದೇ ಇರೋ ಕೊಲೆಗೆ. ಹೆಣದ ಪಕ್ಕ ಚಾಕು ಬಿದ್ದಿರತ್ತೆ, ಹೀರೋ ಪಾಪ ಏನಾಯ್ತಪ್ಪ ಅಂತ ಅದನ್ನ ಕೈಗೆತ್ಕೊಂಡ ಸೆಕೆಂಡಿಗೇ ಬಾಗಿಲಲ್ಲಿ ಇನ್‌ಸ್ಪೆಕ್ಟರ್ ಪ್ರತ್ಯಕ್ಷ, ಫೋನ್ ಯಾರು ಮಾಡಿದ್ರು, ಯಾವ ಸ್ಟೇಷನ್ನಿಂದ ಬಂದ್ರು, ಟ್ರಾಫಿಕ್ ಇರ್ಲಿಲ್ವಾ ಯಾವ್ದೂ ಕೇಳ್ಬಾರ್ದು. ಇನ್ನೊಂದು, ಕೊನೇ ರೀಲಲ್ಲಿ ಗೋಡೌನ್‌ಗೆ ಬಂದು ನಿಜವಾದ ಕಳ್ಳನ್ನ ಹಿಡಿಯೋದು. ಆಗ ಮಾತ್ರ ಲೇಟು! ಅಷ್ಟ್ರಲ್ಲಿ ಹೀರೋ ಇಪ್ಪತ್ತು ಜನಕ್ಕೆ ಹೊಡೆದು, ಡ್ರಮ್ಮು ಪೆಟ್ಟಿಗೆ ಎಲ್ಲಾ ಒಡೆದು, ಕಟ್ಟಿಹಾಕಿದ್ದ ಅಮ್ಮನ ಹಗ್ಗಾನೂ ಬಿಚ್ಚಿ ಆಗಿರತ್ತೆ, ಇನ್‌ಸ್ಪೆಕ್ಟರ್‌ಗೆ ಉಳಿದಿರೋದು ಆಗಲೇ ಪ್ರಜ್ಞೆ ತಪ್ಪಿರೋ ವಿಲನ್ ಕೈಗೆ ಕೋಳ ಹಾಕೋದಷ್ಟೇ. ನಿರಪರಾಧಿಗೆ ಒಂದು ನಿಮಿಷಾನೂ ತಡ ಆಗಲ್ಲ, ಅಪರಾಧಿಗೆ ಮೂರು ಗಂಟೆ ಬೇಕು.

ಈ ಲೇಟು ಬರೋದ್ರಲ್ಲಿ ಬರೀ ರೈಟರ್‌ಗಳ ಸೋಮಾರಿತನ ಇದೆ ಅನ್ಕೋಬೇಡಿ, ಒಂದು ಸಲ ಸಾಕ್ಷಾತ್ ಸೆನ್ಸಾರ್ ಬೋರ್ಡೇ ಪೊಲೀಸರನ್ನ ಕರೆಸಿತ್ತು. ನಮ್ಮ ರಾಮನಗರದ ಬಂಡೆಗಳ ನಡುವೆ ಶೂಟ್ ಆದ ಶೋಲೆ ಗೊತ್ತಲ್ಲ, ಅದರ ಮೊದಲಿನ ಕ್ಲೈಮ್ಯಾಕ್ಸಲ್ಲಿ ಠಾಕೂರ್ ಗಬ್ಬರ್‌ನ ಮೊಳೆ ಹೊಡೆದ ಬೂಟಲ್ಲಿ ತುಳಿದು ಕೊಂದೇ ಬಿಡ್ತಾನೆ. 1975, ಎಮರ್ಜೆನ್ಸಿ ಟೈಮು, ಮಾಜಿ ಪೊಲೀಸ್ ಅಧಿಕಾರಿ ಕಾನೂನು ಕೈಗೆ ತಗೊಂಡ್ರೆ ಹೆಂಗೆ ಅಂತ ಬೋರ್ಡ್ ತಕರಾರು ತೆಗೀತು, ಮತ್ತೆ ಶೂಟಿಂಗ್ ಮಾಡಿ ಕೊನೇ ಗಳಿಗೇಲಿ ಪೊಲೀಸರನ್ನ ತಂದು ನಿಲ್ಲಿಸಿದ್ರು. ಊರಿಗೆ ಊರೇ ಡಕಾಯಿತರ ಕೈಲಿ ನರಳ್ತಿದ್ದಾಗ ಒಂದು ಪೇದೆನೂ ಅಲ್ಲಿ ಕಾಣಲ್ಲ, ಗಬ್ಬರ್ ಪ್ರಾಣಕ್ಕೆ ಕುತ್ತು ಬಂತು ಅಂದ ತಕ್ಷಣ ಇಡೀ ಇಲಾಖೆ ಹಾಜರ್. 50 ವರ್ಷ ಆದ್ಮೇಲೆ, 2025ರಲ್ಲಿ, ಹಳೇ ಕ್ಲೈಮ್ಯಾಕ್ಸ್ ಇರೋ ಪ್ರಿಂಟ್ ರೆಡಿ ಮಾಡಿ ಇಟಲಿಯ ಬೊಲೊನ್ಯಾದಲ್ಲಿ ತೋರಿಸಿದ್ರು. ಅಂದ್ರೆ ಅರ್ಧ ಶತಮಾನ ಸರ್ವಿಸ್ ಮಾಡಿದ ಆ ಕ್ಲೈಮ್ಯಾಕ್ಸ್ ಪೊಲೀಸರಿಗೆ ಬೀಳ್ಕೊಡುಗೆ ಸಮಾರಂಭಾನೂ ಇಲ್ದೆ ವಿಆರ್‌ಎಸ್!

ಹಂಗಂತ ಯಾರಿಗೂ ಬಡ್ತಿ ಸಿಗಲ್ಲ ಅಂತಲ್ಲ. ಇನ್ನೊಬ್ಬ ಹಿಂದಿ ನಟ ಇಫ್ತೇಖಾರ್ ಅವರ ಸರ್ವಿಸ್ ರಿಜಿಸ್ಟರ್ ತೆಗೆದು ನೋಡಿ. 1973ರ ಜಂಜೀರ್‌ನಲ್ಲಿ ಅವರು ಪೊಲೀಸ್ ಕಮಿಷನರ್. 1975ರ ದೀವಾರ್‌ನಲ್ಲಿ ಸ್ಮಗ್ಲರ್ ದಾವರ್, ಅಮಿತಾಭ್‌ನ ಬಂದರಿನ ಕೂಲಿ ಕೆಲಸ ಬಿಡಿಸಿ ಕಳ್ಳಸಾಗಣೆಗೆ ಇಳಿಸೋರೇ ಇವರು. 1978ರ ಡಾನ್‌ನಲ್ಲಿ ನೋಡಿದ್ರೆ ಮತ್ತೆ ಖಾಕಿ, ಡಿಎಸ್‌ಪಿ ಡಿಸಿಲ್ವ! ಕಮಿಷನರ್ ಆಗಿದ್ದೋರು ನಡುವೆ ಸ್ಮಗ್ಲಿಂಗ್ ಮಾಡಿ ವಾಪಸ್ ಬಂದ್ರೆ ಒಂಚೂರು ಡಿಮೋಷನ್ ಮಾಡಿ ಒಳಗೆ ಸೇರಿಸ್ಕೋತಾರೆ, ಇಲಾಖಾ ವಿಚಾರಣೇನೂ ಇಲ್ಲ ಏನೂ ಇಲ್ಲ. ಒಂದೇ ಕುರ್ಚಿಗೆ ಅಂಟ್ಕೊಂಡು 144 ಸಲ ನಿಯತ್ತಾಗಿ ಸೆಲ್ಯೂಟ್ ಹೊಡೆದವರಿಗೆ ಏನು ಸಿಕ್ತು ಹೇಳಿ. ಯೋಚನೆ ಮಾಡಿದ್ರೆ ಇದೊಂದೇ ವಿಷಯದಲ್ಲಿ ಹಿಂದಿ ಸಿನಿಮಾ ವಾಸ್ತವಕ್ಕೆ ಹತ್ರ ಇದೆ ಅನ್ಸತ್ತೆ.

ಈಗ ಸಿಂಗಂ ಕಡೆ ಬನ್ನಿ. 2011ರಲ್ಲಿ ಅಜಯ್ ದೇವಗನ್ ಗೋವಾ ಕಡೆ ಒಂದು ಊರಿನ ಇನ್‌ಸ್ಪೆಕ್ಟರ್, 2014ರ ಎರಡನೇ ಭಾಗದಲ್ಲಿ ಮುಂಬೈಗೆ ಡಿಸಿಪಿ! ಮಧ್ಯೆ ಎಸಿಪಿ ಅಂತ ಒಂದು ಮೆಟ್ಟಿಲಿದೆ, ಸೀನಿಯಾರಿಟಿ ಲಿಸ್ಟ್ ಅಂತ ಒಂದಿದೆ, ಅದನ್ನೆಲ್ಲ ಮೂರೇ ವರ್ಷದಲ್ಲಿ ಹಾರಿದ್ದು ಹೆಂಗೆ ಅಂದ್ರೆ, ಜೀಪಿಂದ ಹಾರೋರಿಗೆ ಸೀನಿಯಾರಿಟಿ ಲಿಸ್ಟ್ ಯಾವ ಲೆಕ್ಕ. ಅದೇ ಮೊದಲ ಸಿಂಗಂನಲ್ಲಿ ನಮ್ಮ ಪ್ರಕಾಶ್ ರೈ ವಿಲನ್ನು, ಕನ್ನಡಿಗರನ್ನ ಹೀಯಾಳಿಸೋ ಒಂದು ಡೈಲಾಗ್ ಇತ್ತು ಅಂತ ಇಲ್ಲಿ ದೊಡ್ಡ ಗಲಾಟೆ ಆಗಿ, ಥಿಯೇಟರಲ್ಲಿ ಶೋ ನಿಂತು, ಆಮೇಲೆ ಆ ಮಾತು ಕಟ್ ಮಾಡಿದ್ರು. ಡೈಲಾಗ್‌ಗೆ ನಾವು ಬೀದಿಗಿಳಿದ್ವಿ ಸರಿ, ಅದೇ ಪಿಕ್ಚರ್ ಕೊನೇಲಿ ಇಡೀ ಪೊಲೀಸ್ ಪಡೆ ಸೇರ್ಕೊಂಡು ವಿಲನ್ನನ್ನ ಗುಂಡಿಟ್ಟು ಕೊಂದು ಸುಳ್ಳು ಕತೆ ಕಟ್ಟತ್ತಲ್ಲ, ಅದಕ್ಕೆ ಮಾತ್ರ ಶಿಳ್ಳೆ ಹೊಡೆದ್ವಿ.

ಬಾಂಬೆ ಹೈಕೋರ್ಟ್ ನ್ಯಾಯಮೂರ್ತಿ ಗೌತಮ್ ಪಟೇಲ್ ಅವರು 2023ರ ಸೆಪ್ಟೆಂಬರಲ್ಲಿ ಪೊಲೀಸ್ ಸುಧಾರಣೆ ಬಗ್ಗೆ ನಡೆದ ಕಾರ್ಯಕ್ರಮದಲ್ಲಿ ಈ ಕ್ಲೈಮ್ಯಾಕ್ಸನ್ನೇ ಎತ್ಕೊಂಡು, ಕಾನೂನಿನ ದಾರಿ ಬಿಟ್ಟು ಕೂಡಲೇ ನ್ಯಾಯ ಕೊಡೋ ಹೀರೋ ಪೊಲೀಸ್ ಬಹಳ ಅಪಾಯದ ಸಂದೇಶ ಕೊಡ್ತಾನೆ ಅಂತ ಹೇಳಿದ್ರು. ಇಂಡಸ್ಟ್ರಿ ಎಷ್ಟು ಗಂಭೀರವಾಗಿ ತಗೊಂಡ್ತು ಅಂದ್ರೆ ಮುಂದಿನ ವರ್ಷದ ದೀಪಾವಳಿಗೆ ಸಿಂಗಂ ಅಗೇನ್ ಬಂತು, ಈ ಸಲ ಅಜಯ್ ಜೊತೆ ಅಕ್ಷಯ್ ಕುಮಾರ್, ರಣವೀರ್ ಸಿಂಗ್, ಟೈಗರ್ ಶ್ರಾಫ್, ದೀಪಿಕಾ ಪಡುಕೋಣೆ ಎಲ್ರೂ ಪೊಲೀಸು. ಒಬ್ರು ಹೆಲಿಕಾಪ್ಟರಲ್ಲಿ ಬಂದ್ರೆ ಇನ್ನೊಬ್ರು ಸ್ಲೋ ಮೋಷನ್ನಲ್ಲಿ ಕನ್ನಡಕ ತೆಗೀತಾರೆ. ಲೇಟಾಗಿ ಬಂದ್ರೂ ಕೋಳ ಹಾಕಿ ಕೋರ್ಟಿಗೆ ಕರ್ಕೊಂಡೋಗೋರು ಜಗದೀಶ್ ರಾಜ್, ಇವ್ರು ಟೈಮಿಗೆ ಸರಿಯಾಗಿ ಬರ್ತಾರೆ, ಕೋಳ ಮಾತ್ರ ತರಲ್ಲ. ಇಷ್ಟು ಜನ ದೊಡ್ಡ ಸಾಹೇಬ್ರು ಒಂದೇ ಫ್ರೇಮಲ್ಲಿ ನಿಂತ್ರೆ ಎಫ್‌ಐಆರ್ ಯಾರು ಬರೀತಾರೆ, ಮಹಜರ್ ಯಾರು ಮಾಡ್ತಾರೆ, ಒಡೆದ ಕಾರುಗಳ ಲೆಕ್ಕ ಯಾರು ಕೊಡ್ತಾರೆ ಅನ್ನೋದೇ ನನ್ನ ಚಿಂತೆ.