ಗಂಡೋ ಹೆಣ್ಣೋ ಹೇಳಬೇಡಿ, ಉಳಿದದ್ದಾದರೂ ಹೇಳಿ

ಮಂಡ್ಯದ ಕಡೆ ಬಸುರಿಯರಿಗೆ ಸ್ಕ್ಯಾನಿಂಗ್ ಬೇಗ ಆಗುತ್ತದೆ. ಆದರೆ ಅದರಲ್ಲಿ ಏನು ಕಂಡಿತು ಅಂತ ಹೇಳುವವರು ಕಮ್ಮಿ. ನಾವಿರುವ ಇಂಗ್ಲೆಂಡಿನಲ್ಲಿ ಇದು ತಿರುಗುಮುರುಗು. ಸರ್ಕಾರಿ ಸೇವೆಯಲ್ಲಿ ಮೊದಲ ಸ್ಕ್ಯಾನ್ ಸಾಮಾನ್ಯವಾಗಿ 10ರಿಂದ 14 ವಾರದೊಳಗೆ. ಅದಕ್ಕೂ ಮುಂಚೆ ಬೇಕಿದ್ದರೆ ಹೊಟ್ಟೆನೋವು, ರಕ್ತಸ್ರಾವದಂಥ ಕಾರಣವಿರಬೇಕು. ಅಲ್ಲಿಯವರೆಗೆ ಸುಮ್ನೆ ಕಾಯಬೇಕು, ಅದೂ ಹಿಂಸೆಯೇ. ಆದರೆ ಒಮ್ಮೆ ಒಳಗೆ ಕರೆದರೆ, ಮೊದಲು ಸ್ವಲ್ಪ ಹೊತ್ತು ಮಾತಿಲ್ಲದೆ ಅಳತೆ ತೆಗೆದುಕೊಂಡು, ಆಮೇಲೆ ಪರದೆ ನಮ್ಮ ಕಡೆ ತಿರುಗಿಸಿ ವಿವರಿಸುತ್ತಾರೆ.

ಮಂಡ್ಯದಲ್ಲಿರುವ ನನ್ನ ತಂಗಿಗೆ ಆರನೇ ವಾರಕ್ಕೇ ಸ್ಕ್ಯಾನ್ ಮಾಡಿದರು. "ಅಣ್ಣ, ಬರೀ ಚೀಲ ಕಾಣ್ತಿದೆಯಂತೆ, ಮಗು ಇಲ್ವಂತೆ. ಹತ್ತು ದಿನ ಬಿಟ್ಟು ಬನ್ನಿ ಅಂದ್ರು" ಅಂತ ಫೋನಿನಲ್ಲಿ ಅತ್ತಳು. ಯಾಕೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ವಿಷಯ ಅಷ್ಟೇನೂ ಕಷ್ಟದ್ದಲ್ಲ. ವಾರದ ಲೆಕ್ಕ ಶುರುವಾಗುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಬಸಿರು ನಿಲ್ಲುವುದು ಅದಾಗಿ ಸುಮಾರು ಎರಡು ವಾರಕ್ಕೆ. ಯೋನಿಯ ಒಳಗಿನಿಂದ ಮಾಡುವ ಸ್ಕ್ಯಾನಿನಲ್ಲಿ 5 ವಾರದ ಹೊತ್ತಿಗೆ ಗರ್ಭಕೋಶದೊಳಗೆ ಭ್ರೂಣ ಬೆಳೆಯುವ ಚೀಲ ಕಾಣುತ್ತದೆ. ಐದೂವರೆಗೆ ಅದರೊಳಗೆ ಉಂಗುರದಂಥ ಯೋಕ್ ಸ್ಯಾಕ್ (ಭ್ರೂಣಕ್ಕೆ ಮೊದಮೊದಲು ಪೋಷಣೆ ಕೊಡುವ ಪುಟ್ಟ ಚೀಲ), 6ರ ಆಸುಪಾಸಿಗೆ ಭ್ರೂಣ ಮತ್ತು ಎದೆಬಡಿತ. ಹೊಟ್ಟೆ ಮೇಲಿಂದ ನೋಡಿದರೆ ಎಲ್ಲವೂ ಇನ್ನಷ್ಟು ತಡ. ನನ್ನ ತಂಗಿಗೆ ಮುಟ್ಟು ಬರುವುದು 35 ದಿನಕ್ಕೊಮ್ಮೆ, ಸಾಮಾನ್ಯ 28 ದಿನಕ್ಕಿಂತ ಒಂದು ವಾರ ತಡ, ಬಸಿರು ನಿಲ್ಲುವುದೂ ಅಷ್ಟೇ ತಡ. ಅಂದರೆ ಕಾಗದದ ಮೇಲಿನ 6 ವಾರ ಹೊಟ್ಟೆಯೊಳಗೆ 5 ವಾರ. ಚೀಲ ಮಾತ್ರ ಕಂಡದ್ದು ಸರಿಯಾಗೇ ಇತ್ತು, ಅಲ್ವಾ?

ರಿಪೋರ್ಟಿನಲ್ಲಿ ಸಿಆರ್‌ಎಲ್ ಅಂತ ಇರುತ್ತದೆ, ಭ್ರೂಣದ ತಲೆಯಿಂದ ಪೃಷ್ಠದವರೆಗಿನ ಉದ್ದ. ಅದು 7 ಮಿಲಿಮೀಟರ್ ಮುಟ್ಟಿದರೂ ಬಡಿತವಿಲ್ಲದಿದ್ದರೆ, ಅಥವಾ ಚೀಲ 25 ಮಿಲಿಮೀಟರ್ ಆದರೂ ಭ್ರೂಣ ಕಾಣದಿದ್ದರೆ, ಬಸಿರು ಉಳಿದಿಲ್ಲ ಅನ್ನುವ ಮಾತು ಬರುತ್ತದೆ. ಆಗಲೂ ಇಲ್ಲಿ ಇನ್ನೊಬ್ಬರು ನೋಡುತ್ತಾರೆ, ಇಲ್ಲವೇ ಕನಿಷ್ಠ 7 ದಿನ ಬಿಟ್ಟು ಮತ್ತೆ ನೋಡುತ್ತಾರೆ. ಅದಕ್ಕಿಂತ ಚಿಕ್ಕದಿದ್ದರೆ ಕಾಯುವುದು ಬಿಟ್ಟು ಬೇರೆ ದಾರಿಯಿಲ್ಲ. ತಂಗಿಗೆ ಎರಡನೇ ಸ್ಕ್ಯಾನಿನಲ್ಲಿ ಬಡಿತ ಕಂಡಿತು.

ಮಂಡ್ಯದ ಕಡೆಯ ಈ ಮೌನಕ್ಕೆ ಕಾರಣ ಆಸ್ಪತ್ರೆಯ ಜನಜಂಗುಳಿ ಮಾತ್ರ ಅಂತ ನನಗನ್ನಿಸುವುದಿಲ್ಲ. ಭಾರತದ 1994ರ ಕಾಯ್ದೆಯ ಪ್ರಕಾರ ಹೊಟ್ಟೆಯಲ್ಲಿರುವ ಮಗುವಿನ ಲಿಂಗ ಹೇಳುವುದು ಅಪರಾಧ. ಅದು ಬೇಕೇ ಬೇಕು. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲೇ ಕಳ್ಳ ಸ್ಕ್ಯಾನಿಂಗ್ ನಡೆಯುತ್ತಿದ್ದುದು ಬಯಲಾಯಿತಲ್ಲ, ಆಮೇಲೆ ಸಡಿಲ ಬಿಡಿ ಅನ್ನುವ ಬಾಯಿ ನನಗಿಲ್ಲ. ಇಂಗ್ಲೆಂಡಿನಲ್ಲಿ 20 ವಾರದ ಹೊತ್ತಿನ ಸ್ಕ್ಯಾನಿನಲ್ಲಿ ಕೇಳಿದರೆ ಗಂಡೋ ಹೆಣ್ಣೋ ಹೇಳುವುದುಂಟು. ಆ ಪದ್ಧತಿ ನಮ್ಮೂರಿಗೆ ಬೇಡ. ಆದರೆ ಒಂದನ್ನು ಹೇಳಬಾರದು ಅನ್ನುವ ಭಯದಲ್ಲಿ ಏನನ್ನೂ ಹೇಳದಿರುವುದು ರೂಢಿಯಾಗಿಬಿಟ್ಟಿದೆ. ಆರನೇ ವಾರದಲ್ಲಿ ಲಿಂಗ ಯಾವ ಮೆಷಿನ್ನಿಗೂ ಕಾಣುವುದಿಲ್ಲ. ಎಷ್ಟು ವಾರ, ಚೀಲ ಗರ್ಭಕೋಶದೊಳಗೇ ಇದೆಯಾ, ಬಡಿತ ಇದೆಯಾ, ಇಲ್ಲದಿದ್ದರೆ ಯಾಕೆ ಕಾಯಬೇಕು. ಇಷ್ಟನ್ನು ಕನ್ನಡದಲ್ಲಿ ಹೇಳಲು ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ.

ಡಾಕ್ಟರಿಗೆ ಪುರುಸೊತ್ತಿಲ್ಲ ಅನ್ನಬಹುದು. ಸರಿ. ತಾಯಿ ಕಾರ್ಡ್ ಹಿಡಿದು ಮನೆಗೇ ಬರುವ ಆಶಾ ಕಾರ್ಯಕರ್ತೆಯರಿದ್ದಾರಲ್ಲ. ಅವರಿಗೆ ಈ ನಾಲ್ಕು ಮಾತು ಕಲಿಸಿಕೊಡಿ. ಕಾರ್ಡಿನಲ್ಲಿ ವಾರದ ಪಕ್ಕ "ಮುಟ್ಟಿನ ಲೆಕ್ಕವೋ, ಸ್ಕ್ಯಾನ್ ಲೆಕ್ಕವೋ" ಅಂತ ಕನ್ನಡದಲ್ಲೇ ಬರೆದುಕೊಡಲಿ.