ಸ್ವಿಚ್ ಹಾಕ್ರಪ್ಪ!

ತಲೆ ಕೆಟ್ಟಿದೆ, ಅದಕ್ಕೇ ಇಲ್ಲಿ ಕಾರಿಕೊಳ್ಳುತ್ತಿದ್ದೇನೆ. ವೈಟ್‌ಫೀಲ್ಡ್ ಕಡೆ ಒಂದು ದೊಡ್ಡ ಆಫೀಸಿನ ಲಾಬಿಯಲ್ಲಿ ಚಲಿಸುವ ಶಿಲ್ಪ ಇಟ್ಟಿದ್ದಾರೆ, ನಿಮಗೆ ಇಷ್ಟ ಆಗುತ್ತೆ ಮಾವ ಅಂತ ತಂಗಿ ಮಗ ಕರೆದುಕೊಂಡು ಹೋದ. ಶಿಲ್ಪವೇನೋ ಇದೆ. ಚಲಿಸೋದಿಲ್ಲ.

ಆಳೆತ್ತರದ ಸ್ಟೀಲ್ ಗೋಳ. ಅದರೊಳಗೆ ಜಾಲರಿಯ ಇನ್ನೊಂದು ಗೋಳ. ಸುತ್ತ ಉದ್ದುದ್ದ ಮುಳ್ಳು. ರೇಡಿಯೊಲೇರಿಯನ್ ಅಂತೆ. ಒಂದೇ ಜೀವಕೋಶದ ಸಮುದ್ರಜೀವಿ, ನೋಡೋಕೆ ಮೈಕ್ರೋಸ್ಕೋಪ್ ಬೇಕು. ಅಷ್ಟು ಚಿಕ್ಕ ಮೈಯೊಳಗೆ ಸಿಲಿಕಾದಲ್ಲಿ, ಅಂದರೆ ಗಾಜಿನಂಥ ವಸ್ತುವಿನಲ್ಲಿ, ಗೂಡು ಕಟ್ಟಿಕೊಳ್ಳುತ್ತದೆ.

ಪೀಣ್ಯದಲ್ಲಿ ಲೇತ್ ಮುಂದೆ ನಿಂತು ಸವೆದವನು ನಾನು, ಬೋರ್ಡ್ ಓದುವ ಮೊದಲೇ ಬಗ್ಗಿ ಬುಡ ನೋಡಿದೆ. ಗೇರ್ ಮೋಟರ್, ಮೇಲೆ ಸಾಲಾಗಿ, ತಿರುಗುತ್ತಾ ಮುಳ್ಳು ತಳ್ಳುವ ಕ್ಯಾಮ್‌ಗಳು, ಪ್ರತಿ ಮುಳ್ಳಿಗೂ ಅದು ಜಾರಿ ಆಡೋಕೆ ಹಿತ್ತಾಳೆ ಬಳೆ, ಅಂದರೆ ಬುಷ್. ಒಂದರ ಹಿಂದೆ ಒಂದು ಮುಳ್ಳು ಹೊರಗೆ ಚಾಚಿ ಒಳಗೆ ಹೋಗಬೇಕು. ಟಿಗ್ ವೆಲ್ಡಿಂಗ್ ನೋಡಿ ಹೊಟ್ಟೆಕಿಚ್ಚಾಯಿತು, ಅಷ್ಟು ನೀಟು. ಬುಷ್ ನೋಡಿದರೆ ಗ್ರೀಸ್ ಒಣಗಿ ಧೂಳು ಮೆತ್ತಿದೆ.

"ದೊಡ್ಡೋರು ಯಾರಾದ್ರೂ ಬಂದಾಗ ಆನ್ ಮಾಡ್ತಾರೆ ಸಾರ್" ಅಂದರು ಸೆಕ್ಯುರಿಟಿಯವರು. ಸರಿ, ನಾವು ಚಿಕ್ಕೋರು.

ಈ ಜೀವಿ ಬದುಕಿದ್ದಾಗ ಮೈಯಿಂದ ತೆಳ್ಳನೆ ಎಳೆ ಹೊರಗೆ ಚಾಚಿ ಆಹಾರ ಹಿಡಿಯುತ್ತದೆ. ಸತ್ತ ಮೇಲೆ ಗೂಡು ಸಮುದ್ರದ ತಳಕ್ಕೆ ಇಳಿಯುತ್ತದೆ. 1872ರಿಂದ 1876ರವರೆಗೆ ಬ್ರಿಟನ್ನಿನ ಸಂಶೋಧನಾ ಹಡಗು ಚಾಲೆಂಜರ್ ಸಮುದ್ರ ಸುತ್ತಿ ತಂದ ಸ್ಯಾಂಪಲ್‌ಗಳಲ್ಲಿ ಜರ್ಮನಿಯ ಜೀವವಿಜ್ಞಾನಿ ಅರ್ನ್‌ಸ್ಟ್ ಹೆಕೆಲ್ ಇಂಥ 3,000ಕ್ಕೂ ಜಾಸ್ತಿ ಹೊಸ ಜಾತಿ ಗುರುತಿಸಿದ, ಚಿತ್ರ ಬರೆದ. 1900ರ ಪ್ಯಾರಿಸ್ ವಿಶ್ವಮೇಳದ ಹೆಬ್ಬಾಗಿಲನ್ನು ವಾಸ್ತುಶಿಲ್ಪಿ ರೆನೆ ಬಿನೆ ಮಾಡಿದ್ದು ಆ ಚಿತ್ರಗಳಿಂದಲೇ ಸ್ಫೂರ್ತಿ ಪಡೆದು. ಅದು ಬಾಗಿಲು ಸ್ವಾಮಿ, ನಿಂತಿದ್ದರೆ ಸಾಕು. ಇದು ನಿಲ್ಲೋಕೆ ಮಾಡಿದ್ದಲ್ಲ. ಈ ಶಿಲ್ಪ ಮಾಡಿದ ಕಲಾವಿದ ಮುಳ್ಳು ಚಾಚಿಸಿ ಅದಕ್ಕೆ ಜೀವ ಕೊಟ್ಟರೆ, ಇವರು ಮತ್ತೆ ಬರೀ ಗೂಡು ಮಾಡಿ ಇಟ್ಟಿದ್ದಾರೆ.

ಕರೆಂಟ್ ಬಿಲ್ ಜಾಸ್ತಿ ಬರುತ್ತೆ ಅಂತೀರಾ? ಅದೇ ಲಾಬಿಯಲ್ಲಿ ಗೋಡೆಯಷ್ಟು ದೊಡ್ಡ ಎಲ್‌ಇಡಿ ಪರದೆ, ಯಾರೂ ನೋಡದಿದ್ದರೂ ಉರಿಯುತ್ತಲೇ ಇತ್ತು. ಮಕ್ಕಳು ಕೈ ಹಾಕುತ್ತಾರಾ? ಸುತ್ತ ಸರಪಳಿ ಕಟ್ಟಿದ್ದಾರಲ್ಲ, ಮತ್ತೆ ಅದು ಯಾಕೆ, ನನ್ನಂಥವರನ್ನು ತಡೆಯೋಕಾ? ಓಡಿಸಿದರೆ ಸವೆಯುತ್ತೆ ಅನ್ನೋದೊಂದು ಮಾತು. ಸವೆಯುತ್ತೆ, ನಿಜ. ಸವೆದರೆ ಬುಷ್ ಬದಲಾಯಿಸಬೇಕು. ಓಡಿಸದೆ ಇಟ್ಟರೆ ಜಾಮ್ ಆಗುತ್ತೆ, ಆಮೇಲೆ ಆ ದೊಡ್ಡೋರು ಬಂದ ದಿನ ಮೋಟರೇ ಸುಟ್ಟುಹೋಗುತ್ತೆ. ಹೋಗಲಿ ಬಿಡಿ, ನೋಡೋಕೆ ಚೆನ್ನಾಗಿರುತ್ತೆ.

ನಿಜ ಹೇಳಲಾ, ನನಗೆ ಈ ಕಲೆ ಗಿಲೆ ಅರ್ಥ ಆಗಲ್ಲ. ಚಿತ್ರಸಂತೆಗೆ ಹೋದರೂ ಫ್ರೇಮಿನ ಜಾಯಿಂಟ್ ನೋಡಿಕೊಂಡು ಬರುವವನು. ಜೀವನದಲ್ಲಿ ಒಂದು ಶಿಲ್ಪ ಪೂರ್ತಿ ಅರ್ಥ ಆಗಿತ್ತು, ಅದನ್ನೂ ಆಫ್ ಮಾಡಿಟ್ಟಿದ್ದಾರೆ! ತಂಗಿ ಮಗ ಪಕ್ಕದಲ್ಲಿ ನಿಂತು "ಮಾವ, ಫೋಟೋ ಚೆನ್ನಾಗಿ ಬಂದಿದೆ" ಅನ್ನುತ್ತಿದ್ದ. ಬರದೇ ಇನ್ನೇನು, ಅಲ್ಲಾಡಿದರೆ ತಾನೇ.

ಆ ಕಡೆ ಕೆಲಸ ಮಾಡುವವರು ಈ ಲಿಸ್ಟಲ್ಲಿ ಸುಮಾರು ಜನ ಇದ್ದೀರಿ. ಊಟಕ್ಕೆ ಇಳಿದಾಗ ರಿಸೆಪ್ಷನ್‌ನಲ್ಲಿ ಕೇಳಿ, ಇದು ಯಾವಾಗ ಓಡುತ್ತೆ ಅಂತ. ದಿನಾ ಕೇಳಿ. ಗ್ರೀಸ್ ನಾನೇ ತರುತ್ತೇನೆ, ಒಳಗೆ ಬಿಟ್ಟರೆ.